ಒಂದು ಹಳೆಯ ಆಟದ ಗುಪ್ತ ವಿನೋದಗಳು

ವಿಡಿಯೋ ಆಟವೆಂಬ ಹೆಸರನ್ನು ಕೇಳಿದ ಮಾತ್ರಕ್ಕೆ ಹುಬ್ಬು ಗಂಟಿಕ್ಕುವ ಹಿರಿಯರು ಅನೇಕರುಂಟು. ಮಕ್ಕಳ ಹೊತ್ತನ್ನು ನುಂಗುವ ಯಂತ್ರವೆಂದೇ ಅವರು ಅದನ್ನು ಭಾವಿಸಿರುವರು. ಆ ಭಾವನೆಯು ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸಲು ನಾವು ಇಲ್ಲಿ ಹೊರಟಿಲ್ಲ. ಆದರೆ ಮನುಷ್ಯರು ಮನಸ್ಸಿಟ್ಟು ಮಾಡಿದ ಯಾವ ವಸ್ತುವಿನಲ್ಲಿಯೇ ಆಗಲಿ, ಮಾಡಿದವರ ಸ್ವಭಾವವು ಎಲ್ಲಿಯೋ ಒಂದು ಮೂಲೆಯಲ್ಲಿ ಅಡಗಿರದೆ ಹೋಗುವುದಿಲ್ಲ. ಅವರ ನಗೆಯೂ ಅಲ್ಲಿರುವುದು. ಅವರ ಅವಸರವೂ ಅಲ್ಲಿರುವುದು. ಅವರ ತಪ್ಪುಗಳೂ ಅಲ್ಲಿರುವುವು. ಜಪಾನ್ ದೇಶದಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ 'ಫೈನಲ್ ಫ್ಯಾಂಟಸಿ' ಎಂಬ ಆಟವು ಇದಕ್ಕೆ ಒಂದು ಒಳ್ಳೆಯ ನಿದರ್ಶನವಾಗಿದೆ. ಅದರೊಳಗೆ ಹುದುಗಿರುವ ಕೆಲವು ಸ್ವಾರಸ್ಯಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ಆಟವು ಎಂತಹದೆಂಬುದನ್ನು ಅರಿಯದವರಿಗಾಗಿ ಎರಡು ಮಾತು. ಇದು ಪಾತ್ರಧಾರಣೆಯ ಆಟಗಳ ಜಾತಿಗೆ ಸೇರಿದುದು. ಆಡುವವನು ನಾಲ್ವರು ವೀರರನ್ನು ಆರಿಸಿಕೊಂಡು, ಅವರಿಗೆ ಹೆಸರಿಟ್ಟು, ಊರಿಂದೂರಿಗೆ ನಡೆಸಿಕೊಂಡು ಹೋಗಬೇಕು. ದಾರಿಯಲ್ಲಿ ಎದುರಾಗುವ ದುಷ್ಟಮೃಗಗಳನ್ನು ಜಯಿಸಿದಂತೆಲ್ಲ ವೀರರ ಬಲವು ಹೆಚ್ಚುವುದು; ಹಣವು ಸೇರುವುದು; ಅದರಿಂದ ಹೊಸ ಕತ್ತಿ, ಕವಚ, ಮಂತ್ರಗಳನ್ನು ಕೊಳ್ಳಬಹುದು. ಭೂಮಿ, ಅಗ್ನಿ, ಜಲ, ವಾಯುಗಳನ್ನು ಕೆಡಿಸುತ್ತಿರುವ ನಾಲ್ಕು ಭೂತಗಳನ್ನು ಸಂಹರಿಸಿ ಲೋಕವನ್ನು ಉಳಿಸುವುದೇ ಕಥೆಯ ಸಾರ. ಒಟ್ಟಿನಲ್ಲಿ ಅಜ್ಜಿಯು ಹೇಳುವ ಕಥೆಯೊಳಕ್ಕೆ ಕೇಳುವ ಮಗುವೇ ನಡೆದುಹೋದರೆ ಹೇಗೋ ಹಾಗೆ.

ಹೆಸರಿನ ಕಥೆ

ಈ ಆಟವು ಜಪಾನಿನಲ್ಲಿ ೧೯೮೭ನೆಯ ಡಿಸೆಂಬರ್ ೧೮ರಂದು, ನಿಂಟೆಂಡೊ ಸಂಸ್ಥೆಯವರ ಫ್ಯಾಮಿಕಾಂ ಎಂಬ ಯಂತ್ರಕ್ಕಾಗಿ ಪ್ರಕಟವಾಯಿತು. ಇದನ್ನು ಮಾಡಿದುದು ಸ್ಕ್ವೇರ್ ಎಂಬ ಚಿಕ್ಕ ಸಂಸ್ಥೆ. ಅದರ ಹಿಂದಿನ ಆಟಗಳು ಹೇಳಿಕೊಳ್ಳುವಂತಹ ಲಾಭವನ್ನು ತಂದಿರಲಿಲ್ಲ. ಮುಖ್ಯ ನಿರ್ಮಾತೃವಾದ ಹಿರೊನೊಬು ಸಕಾಗುಚಿಯವರು, ಇದೂ ಸೋತರೆ ಈ ಉದ್ಯೋಗವನ್ನೇ ಬಿಟ್ಟು ಮತ್ತೆ ವಿಶ್ವವಿದ್ಯಾನಿಲಯಕ್ಕೆ ಸೇರುವೆನೆಂದು ಎಣಿಸಿದ್ದರಂತೆ. ಆದುದರಿಂದಲೇ 'ಫೈನಲ್', ಅಂದರೆ 'ಕಟ್ಟಕಡೆಯ', ಎಂಬ ಹೆಸರು ಬಂದಿತೆಂದು ಜನರು ಬಹುಕಾಲ ನಂಬಿದ್ದರು. ಆದರೆ ೨೦೧೫ರಲ್ಲಿ ಸಕಾಗುಚಿಯವರೇ ಈ ಕಥೆಯನ್ನು ತಿದ್ದಿದರು. ಇಂಗ್ಲಿಷಿನ 'ಎಫ್' ಅಕ್ಷರವು ಎರಡು ಸಲ ಬರಬೇಕೆಂಬುದಷ್ಟೇ ಅವರ ಆಸೆಯಾಗಿದ್ದಿತು. ಏಕೆಂದರೆ 'ಎಫ್‌ಎಫ್' ಎಂಬುದು ಜಪಾನೀಯರ ಬಾಯಿಗೆ ಸುಲಭವಾಗಿ ಬರುವುದು. ಮೊದಲು ಯೋಚಿಸಿದ 'ಫೈಟಿಂಗ್ ಫ್ಯಾಂಟಸಿ' ಎಂಬ ಹೆಸರನ್ನು ಆ ವೇಳೆಗೆ ಬೇರೆಯವರು ಇಟ್ಟುಕೊಂಡಿದ್ದುದರಿಂದ 'ಫೈನಲ್' ಎಂಬುದು ಬಂದು ಕುಳಿತಿತು.

ಕಷ್ಟವು ಮಾತ್ರ ಸುಳ್ಳಲ್ಲ. ಸಂಸ್ಥೆಯವರು ಮೊದಲು ೨ ಲಕ್ಷ ಪ್ರತಿಗಳನ್ನಷ್ಟೇ ಕಳುಹಿಸಲು ನಿಶ್ಚಯಿಸಿದ್ದರು. ಇಷ್ಟರಿಂದ ಮುಂದಿನ ಭಾಗವನ್ನು ಮಾಡುವುದು ಸಾಧ್ಯವಾಗದೆಂದು ವಾದಿಸಿ ಸಕಾಗುಚಿಯವರು ೪ ಲಕ್ಷಕ್ಕೆ ಒಪ್ಪಿಸಿದರು. ಜಪಾನಿನಲ್ಲಿ ೫ ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾದುವು. 'ಕಟ್ಟಕಡೆಯದು' ಎಂಬ ಹೆಸರಿನ ಈ ಸರಣಿಯಲ್ಲಿ ಹದಿನಾರನೆಯ ಆಟವು ೨೦೨೩ರಲ್ಲಿ ಹೊರಬಂದಿತು! ಆಟದೊಳಗಿನ ವಿನೋದಗಳಿರಲಿ, ಹೆಸರೇ ಒಂದು ದೊಡ್ಡ ವಿನೋದವಾಗಿ ಪರಿಣಮಿಸಿರುವುದು.

ಹಡಗಿನೊಳಗಿನ ಗುಟ್ಟು

ಆಟದ ಕ್ರಮವಿಧಿಯನ್ನು, ಎಂದರೆ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದ ಆಜ್ಞೆಗಳನ್ನು, ರಚಿಸಿದವರು ನಾಸಿರ್ ಗೆಬೆಲ್ಲಿ ಎಂಬುವರು. ಇವರು ಹುಟ್ಟಿದುದು ಇರಾನಿನಲ್ಲಿ. ಹೆಸರು ಗಳಿಸಿದುದು ಅಮೆರಿಕದಲ್ಲಿ, ಆಪಲ್ ಕಂಪ್ಯೂಟರಿನ ಆಟಗಳಿಂದ. ಅಲ್ಲಿ ತಾವೇ ತೆರೆದ ಸಂಸ್ಥೆಯು ನಿಲ್ಲದೆ ಹೋದ ಮೇಲೆ ಜಪಾನಿಗೆ ಬಂದರು. ಪಾತ್ರಧಾರಣೆಯ ಆಟಗಳ ಪರಿಚಯವೇ ಅವರಿಗೆ ಸಾಲದಾಗಿದ್ದಿತೆಂದು ಹೇಳುವರು. ಆದರೂ ಯಾರೂ ಕೇಳದ ಒಂದು ಕಾಣಿಕೆಯನ್ನು ಅವರು ಆಟದೊಳಗೆ ಅಡಗಿಸಿಟ್ಟರು.

ವೀರರಿಗೆ ಹಡಗು ದೊರೆತ ಮೇಲೆ, ಅದರಲ್ಲಿ ಕುಳಿತು 'ಎ' ಗುಂಡಿಯನ್ನು ಅದುಮಿ ಹಿಡಿದು 'ಬಿ' ಗುಂಡಿಯನ್ನು ೫೫ ಸಲ ಒತ್ತಿದರೆ, ಸಮುದ್ರವು ಮಾಯವಾಗಿ ಚೌಕದೊಳಗಿನ ಹದಿನೈದು ಅಂಕೆಗಳು ಕಾಣಿಸುವುವು. ಒಂದು ಮನೆಯನ್ನು ಖಾಲಿ ಬಿಟ್ಟು, ಬಿಲ್ಲೆಗಳನ್ನು ಜಾರಿಸಿ ಜಾರಿಸಿ ೧ರಿಂದ ೧೫ರವರೆಗೆ ಕ್ರಮವಾಗಿ ಜೋಡಿಸುವ ಆಟವಿದು. ಇದರ ಪುಟ್ಟ ಗೊಂಬೆಯಂಗಡಿ ಮಾದರಿಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಾಲ್ಯದಲ್ಲಿ ಕೈಯಲ್ಲಿ ಹಿಡಿದಿರಬಹುದು. ಜೋಡಿಸಿ ಗೆದ್ದವನಿಗೆ ದೊರೆಯುವ ಬಹುಮಾನ, ಆಟದ ನಾಣ್ಯದಲ್ಲಿ ಕೇವಲ ೧೦೦. ಲೋಕವು ಮುಳುಗುತ್ತಿರುವಾಗ ವೀರರು ಹಡಗಿನಲ್ಲಿ ಅಂಕೆ ಜೋಡಿಸುತ್ತ ಕೂರುವ ಈ ಚಿತ್ರವನ್ನು ನೆನೆದರೆ ಯಾರಿಗೆ ನಗೆ ಬಾರದು?

ಈ ಅಂಕೆಗಳ ಆಟಕ್ಕೂ ತನ್ನದೇ ಆದ ಒಂದು ಕುಚೋದ್ಯದ ಚರಿತ್ರೆಯುಂಟು. ೧೮೭೦ರ ದಶಕದಲ್ಲಿ ಅಮೆರಿಕದ ಒಬ್ಬ ಪೋಸ್ಟ್ ಮಾಸ್ತರರಾದ ನಾಯ್ಸ್ ಚಾಪ್ಮನ್ ಎಂಬುವರು ಇದನ್ನು ಕಲ್ಪಿಸಿದರು. ೧೮೮೦ರಲ್ಲಿ ಜನರಿಗೆ ಇದರ ಹುಚ್ಚೇ ಹಿಡಿಯಿತು. ತರುವಾಯ ಸ್ಯಾಮ್ ಲಾಯ್ಡ್ ಎಂಬ ಒಗಟುಗಾರನು ಇದು ತನ್ನದೇ ಸೃಷ್ಟಿಯೆಂದು ಹೇಳಿಕೊಂಡನು. ೧೪ ಮತ್ತು ೧೫ ಮಾತ್ರ ಅದಲುಬದಲಾಗಿರುವ ಜೋಡಣೆಯನ್ನು ಸರಿಪಡಿಸಿದವರಿಗೆ ೧೦೦೦ ಡಾಲರು ಕೊಡುವೆನೆಂದು ಸಾರಿದನು. ಆ ಜೋಡಣೆಯನ್ನು ಸರಿಪಡಿಸುವುದು ಯಾರಿಂದಲೂ ಆಗದೆಂದು ೧೮೭೯ರಲ್ಲಿಯೇ ಗಣಿತಜ್ಞರು ಸಾಧಿಸಿಬಿಟ್ಟಿದ್ದರು! ಹೀಗೆ ಹಣವು ಲಾಯ್ಡನ ಜೇಬಿನಲ್ಲಿ ಸುಖವಾಗಿ ಉಳಿಯಿತು.

ಎದುರಾಳಿಯ ಗೋರಿ

ಕಥೆಯ ನಡುವೆ ವೀರರು ಎಲ್ಫ್ ಎಂಬ ಗಂಧರ್ವಸದೃಶ ಜನರ ಊರಿಗೆ ಬರುವರು. ಅಲ್ಲಿ ಕೆಲವು ಗೋರಿಗಳಿವೆ. ಒಂದರ ಮುಂದೆ ನಿಂತು ಗುಂಡಿಯನ್ನು ಒತ್ತಿದರೆ, ಇಲ್ಲಿ ಲಿಂಕನು ಮಲಗಿರುವನೆಂಬ ಬರಹವು ಕಾಣುವುದು. ಲಿಂಕನು ಯಾರು? ೧೯೮೬ರಲ್ಲಿ ನಿಂಟೆಂಡೊದವರೇ ಪ್ರಕಟಿಸಿದ 'ಜೆಲ್ಡಾ' ಆಟದ ನಾಯಕ. ಆಗ ಸಾವಿರಾರು ಮಕ್ಕಳ ಕಣ್ಮಣಿ. ಹೊಸದಾಗಿ ಅಂಗಡಿ ತೆರೆದವನು ಎದುರಂಗಡಿಯವನನ್ನು ಇದಕ್ಕಿಂತ ಮೆಲ್ಲಗೆ ಚಿವುಟಲಾರನು.

೧೯೯೦ರಲ್ಲಿ ಆಟವು ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಹೋದಾಗ ಅದನ್ನು ಪ್ರಕಟಿಸಿದವರು ನಿಂಟೆಂಡೊದವರೇ. ಅಲ್ಲಿ ಗೋರಿಯ ಮೇಲಿನ ಹೆಸರು ಬದಲಾಯಿತು. ಲಿಂಕನಿಗೆ ಬದಲಾಗಿ ಎರ್ಡ್ರಿಕ್ ಎಂಬ ವೀರನು ಅಲ್ಲಿ ಮಲಗಿದನು. ಈತನು ಎನಿಕ್ಸ್ ಸಂಸ್ಥೆಯವರ 'ಡ್ರ್ಯಾಗನ್ ಕ್ವೆಸ್ಟ್' ಆಟಗಳ ಪುರಾಣಪುರುಷ. ೧೯೮೬ರಲ್ಲಿ ಹೊರಬಂದ ಆ ಆಟವೇ ಜಪಾನಿನಲ್ಲಿ ಇಂತಹ ಆಟಗಳಿಗೆ ದಾರಿಮಾಡಿತು. ಸ್ಕ್ವೇರಿನವರಿಗೆ ಅದೇ ಮೇಲ್ಪಂಕ್ತಿಯೂ ಹೌದು, ಎದುರಾಳಿಯೂ ಹೌದು. ವಿಧಿಯ ವಿಲಾಸವನ್ನು ನೋಡಿರಿ: ೨೦೦೩ನೆಯ ಏಪ್ರಿಲ್ ೧ರಂದು ಸ್ಕ್ವೇರ್, ಎನಿಕ್ಸ್ ಎರಡೂ ಕೂಡಿ ಒಂದೇ ಸಂಸ್ಥೆಯಾದುವು. ಎದುರುಮನೆಯವನಿಗೆಂದು ನಗೆಗಾಗಿ ಕಟ್ಟಿದ ಗೋರಿಯು ಕೊನೆಗೆ ಬೀಗರ ಮನೆಯದಾಯಿತು. ಮುಂದಿನ ಕೆಲವು ಆವೃತ್ತಿಗಳಲ್ಲಿ ಲಿಂಕನ ಹೆಸರೇ ಮತ್ತೆ ಬಂದಿರುವುದು.

ಪೊರಕೆ, ಬಾವಲಿ, ಇಲಿಯ ಬಾಲ

ಮಾತೋಯಾ ಎಂಬ ಕುರುಡಿ ಮಾಟಗಾತಿಯ ಗುಹೆಯಲ್ಲಿ ಪೊರಕೆಗಳು ತಾವೇ ಓಡಾಡುತ್ತ ಕಸ ಗುಡಿಸುವುವು. ಅವನ್ನು ಮಾತನಾಡಿಸಿದರೆ 'ಟ್ಸೆಲೆಸ್ ಬಿ ಹ್ಸುಪ್' ಎಂಬಂತೆ ಅರ್ಥವಿಲ್ಲದ ಮಂತ್ರವೊಂದನ್ನು ಗೊಣಗುವುವು. ಆ ಇಂಗ್ಲಿಷ್ ಅಕ್ಷರಗಳನ್ನು ಬಾಲದಿಂದ ತಲೆಗೆ ಓದಿದರೆ 'ಪುಶ್', 'ಬಿ', 'ಸೆಲೆಕ್ಟ್' ಎಂಬ ಮಾತುಗಳು ಹೊರಡುವುವು. 'ಬಿ' ಗುಂಡಿಯನ್ನೂ 'ಸೆಲೆಕ್ಟ್' ಗುಂಡಿಯನ್ನೂ ಕೂಡಿಸಿ ಒತ್ತಿದರೆ ಇಡೀ ಲೋಕದ ಭೂಪಟವು ಕಣ್ಣಮುಂದೆ ಬಿಚ್ಚಿಕೊಳ್ಳುವುದು! ದಾರಿ ತಪ್ಪಿದವನಿಗೆ ಅತ್ಯಂತ ಬೇಕಾದ ಉಪಾಯವನ್ನು ಪೊರಕೆಯ ಬಾಯಲ್ಲಿ, ಅದೂ ತಲೆಕೆಳಗಾಗಿ, ಇಟ್ಟವರ ತುಂಟತನವನ್ನು ಏನೆನ್ನೋಣ!

ಬಾವಲಿಗಳ ಸಂಗತಿಯು ಇದಕ್ಕಿಂತ ಕರುಣಾಜನಕವಾದುದು. ಕಥೆಯ ಆರಂಭದಲ್ಲಿಯೇ ವೀರರು ಹೋಗುವ ಪಾಳುಗುಡಿಯಲ್ಲಿ ಕೆಲವು ಬಾವಲಿಗಳು ಕಿರುಚುತ್ತಿರುವುವು. ಇವೇನೋ ಅಲಂಕಾರಕ್ಕಾಗಿ ಇಟ್ಟ ಪ್ರಾಣಿಗಳೆಂದು ಎಲ್ಲರೂ ದಾಟಿಹೋಗುವರು. ನಾಲ್ಕು ಭೂತಗಳನ್ನೂ ಗೆದ್ದು ಕಟ್ಟಕಡೆಗೆ ಅದೇ ಗುಡಿಗೆ ಹಿಂದಿರುಗಿ ಬಂದವರಿಗೆ ಮಾತ್ರ ಆ ಬಾವಲಿಗಳು ಮಾತನಾಡಿ, ತಾವು ಹಿಂದೆ ಭೂತಗಳೊಡನೆ ಕಾದಿದ ಆಕಾಶವೀರರೆಂದು ತಿಳಿಸುವುವು. ದಾರಿಯಲ್ಲಿ ಕಂಡ ಕ್ಷುದ್ರಜೀವಿಯೂ ಹಿಂದೊಮ್ಮೆ ವೀರನಾಗಿದ್ದಿರಬಹುದೆಂಬ ಈ ಕಲ್ಪನೆಯು ಯಾವ ಪುರಾಣಕ್ಕೂ ಒಪ್ಪುವಂತಹದು.

ಇನ್ನು ಬಹಾಮುತ್ ಎಂಬ ಮಹಾಸರ್ಪರಾಜನು ವೀರರಿಗೆ ಪದವಿಯನ್ನು ಹೆಚ್ಚಿಸಿಕೊಡಬೇಕಾದರೆ ಅವರ ಧೈರ್ಯಕ್ಕೆ ಸಾಕ್ಷಿಯನ್ನು ಕೇಳುವನು. ಭಯಂಕರವಾದ ಕೋಟೆಯನ್ನು ಹೊಕ್ಕು, ಪ್ರಾಣವನ್ನು ಪಣವಾಗಿಟ್ಟು ತರಬೇಕಾದ ಆ ಸಾಕ್ಷಿಯು ಯಾವುದು? ಒಂದು ಇಲಿಯ ಬಾಲ!

ಹೆಸರುಗಳ ದೇಶಸಂಚಾರ

ಬಹಾಮುತ್ ಎಂಬುದು ಮೂಲದಲ್ಲಿ ಅರಬ್ಬರ ಸೃಷ್ಟಿವರ್ಣನೆಗಳಲ್ಲಿ ಭೂಮಿಗೆ ಆಧಾರವಾಗಿರುವ ಮಹಾಮತ್ಸ್ಯದ ಹೆಸರು. ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಕಾಗದ-ದಾಳಗಳ ಆಟದ ಪರಂಪರೆಯಲ್ಲಿ ಆ ಮೀನು ಸರ್ಪವಾಯಿತು. ಅಲ್ಲಿಂದ ಜಪಾನಿಗೆ ಬಂದಿತು. ಕಾಳಗದ ನಿಯಮಗಳನ್ನು ರಚಿಸಿದ ಅಕಿತೋಷಿ ಕವಾಜು ಅವರು ಆ ಆಟದಿಂದ ಧಾರಾಳವಾಗಿ ಸ್ಫೂರ್ತಿಯನ್ನು ಪಡೆದರು. ಅದೇ ಮಾರ್ಗವಾಗಿ ನಮ್ಮ ದೇಶದ ನಾಗನೂ ರಾಕ್ಷಸನೂ ಈ ಲೋಕಕ್ಕೆ ವಲಸೆ ಹೋಗಿರುವರು. ಆ ಹಾದಿಯಲ್ಲಿ ರಾಕ್ಷಸನಿಗೆ ಹುಲಿಯ ಮೊಗವು ಬಂದಿತು. ಆಟವು ಇಂಗ್ಲಿಷಿಗೆ ಹೋದಾಗ, ಹೆಸರಿಗೆ ಕೆಲವೇ ಅಕ್ಷರಗಳ ಎಡೆಯಿದ್ದ ಆ ಯಂತ್ರದಲ್ಲಿ ಅವನು 'ಮ್ಯಾನ್‌ಕ್ಯಾಟ್', ಎಂದರೆ ಬೆಕ್ಕು-ಮನುಷ್ಯನಾಗಿಬಿಟ್ಟನು. ರಾಮಾಯಣವನ್ನು ಕೇಳಿ ಬೆಳೆದ ನಮಗೆ, ರಾಕ್ಷಸನಿಗೆ ಬಂದ ಈ ಅವಸ್ಥೆಯನ್ನು ಕಂಡು ಮರುಕ ಹುಟ್ಟಿದರೆ ಆಶ್ಚರ್ಯವಿಲ್ಲ.

ಕೆಲಸ ಮಾಡದ ಬುದ್ಧಿ

ವಿನೋದಗಳೆಲ್ಲವೂ ಬೇಕೆಂದೇ ಮಾಡಿದವಲ್ಲ. ಇಡೀ ಆಟವು ಅಡಗಿದ್ದುದು ೨೫೬ ಕಿಲೋಬೈಟುಗಳಲ್ಲಿ. ಇಂದು ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಈ ಸ್ಥಳವು ಸಾಲದು. ಆ ಇಕ್ಕಟ್ಟಿನಲ್ಲಿ, ಆ ಅವಸರದಲ್ಲಿ, ಹಲವು ತಪ್ಪುಗಳು ಉಳಿದುವು.

ಪ್ರತಿ ವೀರನಿಗೂ ಬಲ, ಚುರುಕು, ಬುದ್ಧಿ ಮುಂತಾದ ಗುಣಗಳನ್ನು ಅಂಕೆಗಳಲ್ಲಿ ತೋರಿಸಿದೆ. ಮಂತ್ರವಾದಿಯ ಬುದ್ಧಿಯು ಮಟ್ಟದಿಂದ ಮಟ್ಟಕ್ಕೆ ಏರುತ್ತಿರುವುದನ್ನು ಕಂಡು ಮಕ್ಕಳು ಹಿಗ್ಗುತ್ತಿದ್ದರು. ಆದರೆ ಮೂಲ ಆಟದಲ್ಲಿ ಆ ಬುದ್ಧಿಯಿಂದ ಮಂತ್ರದ ಪೆಟ್ಟು ಎಳ್ಳಷ್ಟೂ ಹೆಚ್ಚುತ್ತಿರಲಿಲ್ಲ! ಮಿತ್ರರ ಕತ್ತಿಗೆ ಹರಿತವನ್ನು ಕೊಡಬೇಕಾದ ಎರಡು ಮಂತ್ರಗಳು ಯಾವ ಫಲವನ್ನೂ ಕೊಡುತ್ತಿರಲಿಲ್ಲ. ಶತ್ರುವು ತಪ್ಪಿಸಿಕೊಳ್ಳದಂತೆ ಕಟ್ಟಬೇಕಾದ ಇನ್ನೊಂದು ಮಂತ್ರವು ಅವನ ತಪ್ಪಿಸಿಕೊಳ್ಳುವ ಶಕ್ತಿಯನ್ನೇ ಹೆಚ್ಚಿಸುತ್ತಿದ್ದಿತು. ಆಯುಧಗಳ ಸಂಗತಿಯು ಇನ್ನೂ ಸೊಗಸಾದುದು. ಪ್ರತಿ ಆಯುಧಕ್ಕೂ ಮರ್ಮಾಘಾತದ ಅಳತೆಯೊಂದನ್ನು ಗೊತ್ತುಮಾಡಿದ್ದರು. ಯಂತ್ರವು ಅದನ್ನು ಓದದೆ, ಪಟ್ಟಿಯಲ್ಲಿ ಆ ಆಯುಧದ ಕ್ರಮಸಂಖ್ಯೆಯನ್ನೇ ಅಳತೆಯೆಂದು ತೆಗೆದುಕೊಳ್ಳುತ್ತಿದ್ದಿತು. ಅಂಗಡಿಯ ಗುಮಾಸ್ತನು ಸರಕಿನ ಬೆಲೆಯನ್ನು ಬಿಟ್ಟು, ಲೆಕ್ಕದ ಪುಸ್ತಕದ ಸಾಲಿನ ಸಂಖ್ಯೆಯನ್ನೇ ಬೆಲೆಯೆಂದು ಹೇಳಿದರೆ ಹೇಗಾದೀತು? ಇಲ್ಲಿ ಆದುದು ಅದೇ. ಆದರೆ ಒಳ್ಳೆಯ ಆಯುಧಗಳು ಪಟ್ಟಿಯ ಕೊನೆಯಲ್ಲಿ ಇದ್ದುದರಿಂದ ತಪ್ಪೂ ಸಹ ಸರಿಯಾಗಿಯೇ ತೋರಿತು.

ತಪ್ಪೊಂದು ವರವಾದ ಕಥೆಯೂ ಉಂಟು. ಆಟದ ಭೂಪಟವನ್ನು ೬೪ ಚೌಕಗಳಾಗಿ ವಿಂಗಡಿಸಿ, ಯಾವ ಚೌಕದಲ್ಲಿ ಯಾವ ಮೃಗವು ಎದುರಾಗಬೇಕೆಂದು ನಿಯಮಿಸಿದ್ದರು. ಪ್ರವೋಕ ಎಂಬ ಊರಿನ ಈಶಾನ್ಯಕ್ಕೆ ಚಾಚಿರುವ ನೆಲದ ತುದಿಯು ಮಾತ್ರ ಗೆರೆಯನ್ನು ದಾಟಿ, ಮುಂದೆಂದೋ ಕಾಣಬೇಕಾದ ಪ್ರಬಲ ಮೃಗಗಳ ಚೌಕದೊಳಕ್ಕೆ ಸೇರಿಹೋಯಿತು. ಗುಟ್ಟನ್ನು ಅರಿತ ಬಾಲಕರು ಕಥೆಯ ಆರಂಭದಲ್ಲಿಯೇ ಅಲ್ಲಿಗೆ ಹೋಗಿ, ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಹೋರಾಡಿ, ಬೇಗಬೇಗನೆ ಬಲಿಷ್ಠರಾಗುತ್ತಿದ್ದರು. ಅಭಿಮಾನಿಗಳು ಆ ತುದಿಗೆ 'ಶಕ್ತಿಯ ಪರ್ಯಾಯದ್ವೀಪ' ಎಂಬ ಅರ್ಥದ ಹೆಸರನ್ನೇ ಇಟ್ಟರು. ಗೆರೆಯೆಳೆದವರ ಕೈತಪ್ಪು ಆಡುವವರಿಗೆ ತೀರ್ಥಕ್ಷೇತ್ರವಾಯಿತು.

ಇವೆಲ್ಲವೂ ಲೋಕಕ್ಕೆ ತಿಳಿದುಬಂದುದು ಹೇಗೆ? ಆಟವನ್ನು ಪ್ರೀತಿಸಿದವರು ವರ್ಷಗಟ್ಟಲೆ ಕುಳಿತು, ಅದರ ಯಂತ್ರಭಾಷೆಯನ್ನು ಸಾಲುಸಾಲಾಗಿ ಓದಿ, ಹಳೆಯ ಓಲೆಗರಿಯನ್ನು ಶೋಧಿಸುವ ಪಂಡಿತರಂತೆ ದುಡಿದುದರಿಂದ. ೨೦೦೦ದಿಂದೀಚೆಗೆ ಬಂದ ಹೊಸ ಆವೃತ್ತಿಗಳಲ್ಲಿ ಈ ದೋಷಗಳು ಬಹುಮಟ್ಟಿಗೆ ತಿದ್ದಿಹೋಗಿವೆ. ಆದರೂ ತಿದ್ದದ ಮೂಲಪ್ರತಿಯನ್ನೇ ಹುಡುಕಿ ಆಡುವವರು ಇಂದಿಗೂ ಇರುವರು.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೈಯಿಂದ ನೆಯ್ದ ಬಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆಯು ಓರೆಯಾಗಿದ್ದರೆ ಅದರಿಂದಲೇ ನೆಯ್ದವರ ನೆನಪಾಗುವುದು. ನಾಳೆ ಉದ್ಯೋಗವು ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ಬೆರಳೆಣಿಕೆಯ ಜನರು, ಆ ಚಿಂತೆಯ ನಡುವೆಯೂ ಎದುರಾಳಿಗೆ ಗೋರಿ ಕಟ್ಟಿ ನಕ್ಕರು. ಪೊರಕೆಗೆ ಮಾತು ಕಲಿಸಿದರು. ಯಾರೂ ಕೇಳದ ಅಂಕೆಯಾಟವನ್ನು ಹಡಗಿನೊಳಗೆ ಇಟ್ಟರು. ಆದುದರಿಂದ ಮನೆಯಲ್ಲಿ ಮಕ್ಕಳು ಇಂತಹ ಆಟದ ಮುಂದೆ ಕುಳಿತಿರುವುದನ್ನು ಕಂಡಾಗ, ಹೊತ್ತಾಯಿತೆಂದು ಗದರಿಸುವ ಮೊದಲು ಹಿರಿಯರು ಒಂದು ಗಳಿಗೆ ಪಕ್ಕದಲ್ಲಿ ಕುಳಿತು, 'ಇದರಲ್ಲಿ ಅಡಗಿರುವುದೇನು?' ಎಂದು ಕೇಳಿನೋಡಲಿ. ಮಕ್ಕಳು ಹೇಳುವ ಉತ್ತರವು ಅವರನ್ನೂ ನಗಿಸುವುದೆಂದು ನಾವು ನಂಬಿದ್ದೇವೆ.