ಪರಿಹಾರಕ್ಕೆ ಕೋರ್ಟು: ದುರಾಸೆಯೋ, ಬೇರೆ ಗತಿಯಿಲ್ಲದೆಯೋ?

ಹೆದ್ದಾರಿಯಲ್ಲಿ ಬೈಕೊಂದು ಲಾರಿಗೆ ಬಡಿಯಿತೆನ್ನಿ. ಹೆಣ ಇನ್ನೂ ಆಸ್ಪತ್ರೆಯ ಶವಾಗಾರದಲ್ಲಿ. ಹೊರಗೆ ಚಾದಂಗಡಿಯಲ್ಲಿ ಆಗಲೇ ಲೆಕ್ಕಾಚಾರ ಶುರು. “ಕೇಸು ಹಾಕಿ ಮಾರಾಯ್ರೆ, ಲಕ್ಷಗಟ್ಟಲೆ ಬರ್ತದೆ” ಅನ್ನುವವನೊಬ್ಬ. “ಸತ್ತವನ ಹೆಸರಲ್ಲಿ ದುಡ್ಡು ಮಾಡುದು ನೋಡು” ಎಂದು ಮೂಗು ಮುರಿಯುವವನು ಇನ್ನೊಬ್ಬ.

ಕಾರವಾರ, ಅಂಕೋಲೆಯ ಜನ ನಿಜಕ್ಕೂ ಪರಿಹಾರದ ಆಸೆಗೆ ಬಿದ್ದು ಕೋರ್ಟಿಗೆ ಓಡುತ್ತಾರೆಯೆ? ಈ ಎರಡು ತಾಲೂಕುಗಳ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ.

ಸೀಬರ್ಡ್ ಕಲಿಸಿದ ಪಾಠ

1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾ, ಬಿಣಗಾ, ಚೆಂಡಿಯಾ, ಹಾರವಾಡ ಹೀಗೆ ಎರಡೂ ತಾಲೂಕುಗಳ ಹಳ್ಳಿಗಳು ಭೂಮಿ ಬಿಟ್ಟುಕೊಟ್ಟವು. ಬಲೆ ಒಣಗಿಸುತ್ತಿದ್ದ ದಂಡೆ ಹೋಯಿತು, ಗದ್ದೆ ಹೋಯಿತು. 2005ರ ಮೇ 31ರಂದು ‘ಕದಂಬ’ ನೌಕಾನೆಲೆ ಸೇವೆಗೆ ಸೇರಿತು. ದೇಶಕ್ಕೆ ಅದು ಹೆಮ್ಮೆಯ ದಿನ. ಎದ್ದು ಬಂದವರ ಲೆಕ್ಕ ಮಾತ್ರ ಅಂದಿಗೂ ಮುಗಿದಿರಲಿಲ್ಲ.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯಿದೆ. ಅಧಿಕಾರಿ ನಿಗದಿ ಮಾಡಿದ ದರ ಒಪ್ಪಿಗೆಯಾಗದಿದ್ದರೆ 18ನೇ ಕಲಮಿನ ಪ್ರಕಾರ ವಿಷಯವನ್ನು ಕೋರ್ಟಿಗೆ ಕಳಿಸಿ ಎಂದು ಅರ್ಜಿ ಕೊಡಬೇಕು. ಕರ್ನಾಟಕದಲ್ಲಿ ಅದಕ್ಕೆ ಗಡುವು ನೋಟಿಸು ಸಿಕ್ಕಿದಲ್ಲಿಂದ 90 ದಿನ. ಹಣ ಪಡೆಯುವಾಗ ‘ತಕರಾರಿನ ಮೇಲೆ ಪಡೆದಿದ್ದೇನೆ’ ಎಂದು ಬರೆಸಬೇಕು. ಬರೆಸದೆ ಸುಮ್ಮನೆ ಹೆಬ್ಬೆಟ್ಟು ಒತ್ತಿದರೆ ಆ ಹಕ್ಕು ಹೋಯಿತು! ಓದು ಬಾರದ ಬೇಸಾಯಗಾರನಿಗೆ, ಮೀನುಗಾರ ಹೆಂಗಸಿಗೆ ಈ ನಾಲ್ಕು ಶಬ್ದದ ಬೆಲೆ ಹೇಳುವವರು ಯಾರು?

ಕೋರ್ಟಿಗೆ ಹೋದವರಿಗೆ ದರ ಹಲವು ಪಟ್ಟು ಏರಿತು. ಅಂದರೆ ಮೊದಲು ಕೊಟ್ಟದ್ದು ಕಡಿಮೆಯೆಂದು ಕೋರ್ಟೇ ಒಪ್ಪಿದಂತಾಯಿತು. ಹೋಗದವರಿಗೆ 1984ರಲ್ಲಿ ಸೇರಿಸಿದ 28-ಎ ಕಲಮು ಇನ್ನೊಂದು ಬಾಗಿಲು ತೆರೆದಿತ್ತು. ನೆರೆಯವನಿಗೆ ಕೋರ್ಟು ಹೆಚ್ಚಿಸಿದ ದರ ತಮಗೂ ಕೊಡಿ ಎಂದು ಮೂರು ತಿಂಗಳೊಳಗೆ ಕೇಳಬಹುದಿತ್ತು. ಆದರೆ ಮೇಲ್ಮನವಿಗಳು ಸುಪ್ರೀಂ ಕೋರ್ಟಿನ ತನಕ ಹೋದವು. ಹಣ ಬರುವಷ್ಟರಲ್ಲಿ ಮೊಮ್ಮಕ್ಕಳು ದೊಡ್ಡವರಾದರು. ಇದನ್ನು ದುರಾಸೆ ಎನ್ನುವುದು ಹೇಗೆ?

ಒಂದೇ ಶಬ್ದ, ಎರಡು ಅರ್ಥ

2024ರ ಜುಲೈ 16. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಂತು. ರಸ್ತೆಬದಿಯ ಚಾದಂಗಡಿಯ ಕುಟುಂಬ, ನಿಂತ ಲಾರಿ ಎಲ್ಲ ಗಂಗಾವಳಿಯ ಪಾಲು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಉಕ್ಕಿ ಬಡಿಯಿತು. ಸರಕಾರ ಮೃತರ ಕುಟುಂಬಕ್ಕೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು.

“ದುಡ್ಡು ಸಿಕ್ತಲ್ಲ, ಮತ್ತೆಂಥ ಕೇಸು?” ಅನ್ನುವವರಿದ್ದಾರೆ. ಗೊಂದಲ ಇರುವುದೇ ಇಲ್ಲಿ. ಸರಕಾರ ಮರುಕದಿಂದ ಕೊಡುವುದಕ್ಕೂ ಪರಿಹಾರ ಎನ್ನುತ್ತೇವೆ, ತಪ್ಪು ಮಾಡಿದವನು ಕೊಡಬೇಕಾದ ನಷ್ಟಭರ್ತಿಗೂ ಪರಿಹಾರವೇ. ಮೊದಲನೆಯದು ಕೈಯೆತ್ತಿ ಕೊಟ್ಟದ್ದು, ಎರಡನೆಯದು ಹಕ್ಕು. ಗುಡ್ಡವನ್ನು ಯಾರು, ಹೇಗೆ ಕಡಿದರು ಎಂಬ ಪ್ರಶ್ನೆಗೆ 5 ಲಕ್ಷದ ಚೆಕ್ಕು ಉತ್ತರವಲ್ಲ. ಆ ಪ್ರಶ್ನೆ ಕೇಳಲು ನೊಂದವನಿಗೆ ಇರುವ ಜಾಗ ಕೋರ್ಟು.

ಶಿರೂರಿನಲ್ಲಿ ಕೆಲವರ ದೇಹ ಸಿಗಲೇ ಇಲ್ಲ. ಕಾಣೆಯಾದವನು ಸತ್ತನೆಂದು ಊಹಿಸಲು ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮ ಏಳು ವರ್ಷ ಕಾಯಿಸುತ್ತದೆ. ಹೆಣವೇ ಸಿಗದ ಮನೆಯವರಿಗೆ ಮರಣ ದಾಖಲೆಯೂ ಒಂದು ಹೋರಾಟ.

ಕಳ್ಳರಿಲ್ಲವೆ?

ಇದ್ದಾರೆ. ಸುಳ್ಳು ವಾಹನ, ಸುಳ್ಳು ಸಾಕ್ಷಿ ತೋರಿಸಿ ವಿಮೆ ಹಣ ಹೊಡೆಯುವ ಜಾಲದ ಬಗ್ಗೆ ಉತ್ತರ ಪ್ರದೇಶದ ಪ್ರಕರಣಗಳಲ್ಲಿ 2021ರಲ್ಲಿ ಸುಪ್ರೀಂ ಕೋರ್ಟೇ ಗರಂ ಆಯಿತು. ಬಂದ ಹಣದಲ್ಲಿ ಪಾಲು ಕೊಡಿ ಎಂದು ವಕೀಲ ಕರಾರು ಮಾಡಿಕೊಳ್ಳುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ನಿಷೇಧವಿದೆ. ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸುವ ದಲ್ಲಾಳಿಯನ್ನು ಮೊದಲು ದೂರ ಇಡಬೇಕು.

ಆದರೆ ಕಳ್ಳನಿಗಾಗಿ ಎಲ್ಲರ ಬಾಗಿಲು ಮುಚ್ಚಬಾರದಷ್ಟೆ. 2022ರ ಎಪ್ರಿಲ್ 1ರಿಂದ ಮೋಟಾರು ಅಪಘಾತದ ಅರ್ಜಿಗೆ ಆರು ತಿಂಗಳ ಗಡುವು ಬಂತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಗಂಡ ಸತ್ತವಳು ಕಾಗದಪತ್ರ ಹುಡುಕುವಷ್ಟರಲ್ಲಿ ಆರು ತಿಂಗಳು ಕಳೆಯುವುದು ಎಷ್ಟು ಹೊತ್ತು? ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ಸಾವಿಗೆ 2 ಲಕ್ಷ, ಭಾರೀ ಗಾಯಕ್ಕೆ 50 ಸಾವಿರ ಸಿಗುವ ಯೋಜನೆ ಅದೇ ದಿನ ಜಾರಿಗೆ ಬಂದಿದೆ. ಇದು ಎಷ್ಟು ಮನೆಗಳಿಗೆ ಗೊತ್ತು?

ಇನ್ನೊಂದು ಮಾತು. ಹೆಂಗಸರಿಗೆ, ಪರಿಶಿಷ್ಟರಿಗೆ, ಸಾಮೂಹಿಕ ವಿಪತ್ತಿನಲ್ಲಿ ನೊಂದವರಿಗೆ 1987ರ ಕಾನೂನು ಸೇವಾ ಕಾಯಿದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಆದಾಯ ಕೇಳುವುದಿಲ್ಲ. ಅರ್ಜಿ ಕೊಡಬೇಕಾದದ್ದು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬುದು ಹಿರಿಯರ ಗಾದೆ. ತಕರಾರಿಲ್ಲವೆಂದು ಹೆಬ್ಬೆಟ್ಟು ಒತ್ತಿ, ಕೊಟ್ಟಷ್ಟು ತೆಗೆದುಕೊಂಡು ಗಂಟುಮೂಟೆ ಹೊತ್ತವನ ಗತಿ ಏನಾಯಿತೆಂದು ಆ ಗಾದೆ ಹೇಳುವುದಿಲ್ಲ. ಅರ್ಗಾ, ಹಾರವಾಡ ಬಿಟ್ಟು ಬಂದವರನ್ನು ಕೇಳಿ, ಅವರು ಹೇಳುತ್ತಾರೆ.