ಮುದ್ರಣದ ಇಸವಿ ನೋಡಿ ರೂಟಿಂಗ್ ಕಲಿಯುವವರು

ರೂಟಿಂಗ್ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹೇಳಿ ಎಂದು ಕೇಳುವವರಿಗೆ ನಾನು ರೇಡಿಯಾ ಪರ್ಲ್‌ಮನ್ ಅವರ ‘ಇಂಟರ್‌ಕನೆಕ್ಷನ್ಸ್’ ಹೆಸರು ಹೇಳುತ್ತೇನೆ. ಹೇಳಿ ಮುಗಿಸುವುದರೊಳಗೆ ಅವರು ಮೊಬೈಲಿನಲ್ಲಿ ಇಸವಿ ಹುಡುಕಿಯಾಗಿರುತ್ತದೆ. ಎರಡನೆಯ ಆವೃತ್ತಿ, 1999. ಮುಖ ಸಪ್ಪಗಾಗುತ್ತದೆ. ‘ಸರ್, ಇದು ತುಂಬಾ ಹಳೇದಲ್ವಾ? ಲೇಟೆಸ್ಟ್ ಯಾವುದಾದ್ರೂ ಇದ್ರೆ ಹೇಳಿ.’ ನಂದಿನಿ ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ನೋಡಿದ ಹಾಗೆ ಪುಸ್ತಕದ ಇಸವಿ ನೋಡುವ ಈ ಚಾಳಿ ಫ್ರೆಶರ್‌ಗಳಿಗೆ ಮಾತ್ರ ಅಂಟಿದ್ದಲ್ಲ. ಹತ್ತು ವರ್ಷ ರೂಟರ್‌ಗಳ ಜೊತೆ ಏಗಿದವರೂ ಐದು ವರ್ಷ ದಾಟಿದ ನೆಟ್‌ವರ್ಕ್ ಪುಸ್ತಕ ರದ್ದಿಗೆ ಸಮ ಎಂದೇ ನಂಬಿದ್ದಾರೆ.

ಸರಿ, ಇಸವಿಯನ್ನೇ ಮಾತಾಡೋಣ. ಇವತ್ತು ಕಚೇರಿ, ಬ್ಯಾಂಕು, ಡೇಟಾ ಸೆಂಟರ್‌ಗಳಲ್ಲಿ ಓಡುತ್ತಿರುವ ಓಎಸ್‌ಪಿಎಫ್ ಎರಡನೆಯ ಆವೃತ್ತಿಯ ಮೂಲ ದಾಖಲೆ ಆರ್‌ಎಫ್‌ಸಿ 2328. ಬಂದದ್ದು 1998ರ ಏಪ್ರಿಲ್‌ನಲ್ಲಿ. ಆಮೇಲೆ ಅದಕ್ಕೆ ತೇಪೆಗಳು ಬಿದ್ದಿವೆ, ಸೇರ್ಪಡೆಗಳಾಗಿವೆ. ಅದರ ಜಾಗಕ್ಕೆ ಇನ್ನೊಂದು ಬಂದಿಲ್ಲ. ಅದು ಬಳಸುವ ಡೈಕ್‌ಸ್ಟ್ರಾ ಲೆಕ್ಕಾಚಾರ ಅಚ್ಚಾದದ್ದು 1959ರಲ್ಲಿ. ಇಡೀ ಇಂಟರ್‌ನೆಟ್ಟನ್ನು ಹೊಲಿದು ಹಿಡಿದಿರುವ ಬಿಜಿಪಿಯ ನಾಲ್ಕನೆಯ ಆವೃತ್ತಿ ಮೊದಲ ಸಲ ಆರ್‌ಎಫ್‌ಸಿಯಾಗಿ ಬಂದದ್ದು 1994ರಲ್ಲಿ, ಈಗಿನ ರೂಪಕ್ಕೆ ಬಂದದ್ದು 2006ರಲ್ಲಿ. ಐದನೆಯ ಆವೃತ್ತಿ ಬಂದೇ ಇಲ್ಲ. ಪ್ರೋಟೊಕಾಲಿಗೇ ಕಾಲು ಶತಮಾನ ದಾಟಿರುವಾಗ ಅದನ್ನು ವಿವರಿಸುವ ಪುಸ್ತಕ ಮಾತ್ರ ಹೋದ ವರ್ಷದ್ದೇ ಆಗಿರಬೇಕು ಎನ್ನುವುದು ಯಾವ ನ್ಯಾಯ?

ಹಳೆಯ ಪುಸ್ತಕ ಕೊಡುವುದು ಏನನ್ನು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. 1980ರ ಅಕ್ಟೋಬರ್ 27ರಂದು ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್ ಕೆಲವು ಗಂಟೆಗಳ ಕಾಲ ಪೂರ್ತಿ ಮಲಗಿಬಿಟ್ಟಿತು. ಯಾರೂ ದಾಳಿ ಮಾಡಿರಲಿಲ್ಲ, ಯಾವ ತಂತಿಯೂ ಕಡಿದಿರಲಿಲ್ಲ. ಅಲ್ಲಿನ ಪ್ರತಿಯೊಂದು ನೋಡ್ ತನ್ನ ಲಿಂಕುಗಳ ಸ್ಥಿತಿಯನ್ನು ಸುದ್ದಿಯಾಗಿ ಎಲ್ಲರಿಗೂ ಹಂಚುತ್ತಿತ್ತು. ಪ್ರತಿ ಸುದ್ದಿಗೂ ಆರು ಬಿಟ್‌ನ ಒಂದು ಕ್ರಮಸಂಖ್ಯೆ, ಅಂದರೆ 0ಯಿಂದ 63. ಮುಗಿದ ಮೇಲೆ ಮತ್ತೆ 0. ಎರಡರಲ್ಲಿ ಯಾವುದು ಹೊಸ ಸುದ್ದಿ ಎನ್ನುವುದನ್ನು ಈ ಚಕ್ರದಲ್ಲಿ ಯಾವುದು ಮುಂದಿದೆ ಎಂದು ನೋಡಿ ತೀರ್ಮಾನಿಸುತ್ತಿದ್ದರು. ಅವತ್ತು ಯಂತ್ರದ ದೋಷದಿಂದ ಕೆಲವು ಬಿಟ್‌ಗಳು ಉದುರಿ, ಒಂದೇ ನೋಡ್‌ನ ಹೆಸರಿನಲ್ಲಿ 8, 40, 44 ಎಂಬ ಮೂರು ಸಂಖ್ಯೆಗಳ ಸುದ್ದಿ ಏಕಕಾಲದಲ್ಲಿ ತಿರುಗತೊಡಗಿದವು. ಬೈನರಿಯಲ್ಲಿ 44ನ್ನು ಬರೆದು ನೋಡಿ: 101100. ಒಂದು ಬಿಟ್ ಬಿದ್ದರೆ 101000, ಅದು 40. ಇನ್ನೊಂದು ಬಿದ್ದರೆ 001000, ಅದು 8. ಚಕ್ರದ ನಿಯಮದ ಪ್ರಕಾರ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು! ಹೀಗಾಗಿ ಪ್ರತಿ ನೋಡ್‌ಗೂ ಬಂದದ್ದೆಲ್ಲ ಹೊಸ ಸುದ್ದಿಯೇ. ಎಲ್ಲವೂ ಅದನ್ನೇ ಹಂಚುತ್ತ ಕೂತವು, ಬೇರೆ ಕೆಲಸಕ್ಕೆ ಪುರುಸೊತ್ತೇ ಉಳಿಯಲಿಲ್ಲ.

ಇವತ್ತಿನ ಓಎಸ್‌ಪಿಎಫ್‌ನಲ್ಲಿ ಕ್ರಮಸಂಖ್ಯೆ 32 ಬಿಟ್ ಏಕಿದೆ, ಅದು ಚಕ್ರವಾಗದೆ ನೇರ ಗೆರೆಯಂತೆ ಏಕೆ ಸಾಗುತ್ತದೆ, ಲಿಂಕುಗಳ ಸ್ಥಿತಿ ಹೊತ್ತು ತಿರುಗುವ ಸುದ್ದಿಗೆ, ಅಂದರೆ ಪ್ರತಿ ಎಲ್‌ಎಸ್‌ಎಗೂ ವಯಸ್ಸು ಎಂಬುದೊಂದು ಏಕಿದೆ, 3600 ಸೆಕೆಂಡಿಗೆ ಅದು ಏಕೆ ಸಾಯಲೇಬೇಕು, ಚೆಕ್‌ಸಮ್ ಅದರ ಮೈಗೇ ಏಕೆ ಅಂಟಿಕೊಂಡಿದೆ ಎಂಬುದನ್ನೆಲ್ಲ ಆ ದಿನದ ಕಥೆ ಗೊತ್ತಿಲ್ಲದೆ ಅರ್ಥ ಮಾಡಿಕೊಳ್ಳುವುದು ಕಷ್ಟ. ಈ ಸಮಸ್ಯೆಗೆ ಪರಿಹಾರ ಯೋಚಿಸಿದವರಲ್ಲಿ ಮುಖ್ಯರು ಪರ್ಲ್‌ಮನ್ನೇ. ಆದ್ದರಿಂದಲೇ ಅವರ ಪುಸ್ತಕದಲ್ಲಿ ಇದು ಬಿಡಿಸಿಟ್ಟಂತೆ ಸಿಗುತ್ತದೆ. ‘ಲೇಟೆಸ್ಟ್’ ಪುಸ್ತಕಗಳಲ್ಲಿ ಏನು ಸಿಗುತ್ತದೆ? ಒಂದು ಬಣ್ಣದ ಚೌಕ. ಒಳಗೆ ‘ಗರಿಷ್ಠ ವಯಸ್ಸು 3600 ಸೆಕೆಂಡ್, ಮರುಪ್ರಸಾರ 1800 ಸೆಕೆಂಡಿಗೊಮ್ಮೆ’. ಪಕ್ಕದಲ್ಲಿ ‘ಪರೀಕ್ಷೆಗೆ ಮುಖ್ಯ’ ಎಂದು ನಕ್ಷತ್ರ. ಗಿಳಿಪಾಠಕ್ಕೆ ಅಷ್ಟು ಸಾಕು.

ಇಷ್ಟಾಗಿಯೂ ಇಸವಿಯ ಮೇಲೆಯೇ ನಂಬಿಕೆ ಇಟ್ಟವರು ಒಂದು ಕೆಲಸ ಮಾಡಲಿ. ಈ ಒಂದೆರಡು ವರ್ಷದಲ್ಲಿ ಅಚ್ಚಾದ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿಸುವ ಯಾವುದಾದರೂ ಪುಸ್ತಕದಲ್ಲೋ ನೋಟ್ಸಿನಲ್ಲೋ ಐಪಿ ವಿಳಾಸದ ಅಧ್ಯಾಯ ತೆಗೆಯಲಿ. ಕ್ಲಾಸ್ ಎ, ಕ್ಲಾಸ್ ಬಿ, ಕ್ಲಾಸ್ ಸಿ ಎಂಬ ಕೋಷ್ಟಕ ಇಂದಿಗೂ ನಡೆಯುತ್ತಿರುವ ವ್ಯವಸ್ಥೆಯಂತೆ ರಾಜಾರೋಷವಾಗಿ ಕೂತಿರುವುದು ಎಷ್ಟೋ ಕಡೆ ಸಿಗುತ್ತದೆ. ಈ ವರ್ಗಗಳಿಗೆ ಬೀಳ್ಕೊಡುಗೆ ಹೇಳಿದ ಸಿಐಡಿಆರ್ ಬಂದದ್ದು 1993ರ ಸೆಪ್ಟೆಂಬರ್‌ನಲ್ಲಿ. ಅಂದರೆ ಹೊಚ್ಚ ಹೊಸ ಪುಸ್ತಕದ ಒಳಗೆ ಮೂರು ದಶಕದ ಹಿಂದೆ ಸತ್ತ ಸಂಗತಿ, 1999ರ ಪುಸ್ತಕದ ಒಳಗೆ ಈಗಲೂ ಉಸಿರಾಡುತ್ತಿರುವ ಸಂಗತಿ. ಇಸವಿ ನೋಡಿ ಕೊಂಡವನಿಗೆ ದಕ್ಕಿದ್ದು ಯಾವುದು?

ಇದು ಬರೀ ತಾತ್ವಿಕ ತಕರಾರಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗದಂತೆ ಮಾಡಿದ ಪ್ರಕರಣ ನೆನಪಿರಬಹುದು. ಯೂಟ್ಯೂಬ್ ಘೋಷಿಸುತ್ತಿದ್ದದ್ದು 208.65.152.0/22. ಪಾಕಿಸ್ತಾನದಿಂದ ಹೊರಬಿದ್ದದ್ದು ಅದರ ಹೊಟ್ಟೆಯೊಳಗಿನ 208.65.153.0/24. ಹೆಚ್ಚು ನಿಖರವಾದ ಪ್ರಿಫಿಕ್ಸ್‌ಗೇ ರೂಟರ್ ಮಣೆ ಹಾಕುವುದರಿಂದ ಟ್ರಾಫಿಕ್ಕೆಲ್ಲ ಅತ್ತ ತಿರುಗಿತು. ಕ್ಲಾಸ್ ಕೋಷ್ಟಕವನ್ನು ಬಾಯಿಪಾಠ ಮಾಡಿದವನ ಲೆಕ್ಕದಲ್ಲಿ 208ರಿಂದ ಶುರುವಾಗುವುದು ಕ್ಲಾಸ್ ಸಿ, ಅದು ಯಾವಾಗಲೂ /24. ಆ /22 ಎಲ್ಲಿಂದ ಬಂತು ಎಂಬುದೇ ಅವನಿಗೆ ಹೊಳೆಯದು. ಪಾಪ, ಪುಸ್ತಕ ಮಾತ್ರ ಹೊಸದು.

ಹಾಗಾದರೆ ಪುಸ್ತಕ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನಾನು ಅಂಗಡಿಯಲ್ಲಿ ನಿಂತು ಮೊದಲು ತೆಗೆಯುವುದು ಓಎಸ್‌ಪಿಎಫ್‌ನಲ್ಲಿ ಡೆಸಿಗ್ನೇಟೆಡ್ ರೂಟರ್ ಆಯ್ಕೆಯ ಪುಟ. ಒಂದೇ ಸ್ವಿಚ್ಚಿಗೆ ಸೇರಿದ ರೂಟರ್‌ಗಳಲ್ಲಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸುವ ಪ್ರಕ್ರಿಯೆ ಅದು. ‘ಯಾವುದರ ಪ್ರಯಾರಿಟಿ ಹೆಚ್ಚೋ ಅದು ಡಿಆರ್ ಆಗುತ್ತದೆ, ಸಮ ಇದ್ದರೆ ರೂಟರ್ ಐಡಿ ದೊಡ್ಡದಿರುವುದು’ ಎಂದು ಬರೆದು ಮುಂದಿನ ವಿಷಯಕ್ಕೆ ಹಾರಿದ್ದರೆ ಪುಸ್ತಕವನ್ನು ಇದ್ದಲ್ಲೇ ಇಟ್ಟುಬಿಡುತ್ತೇನೆ. ಆ ವಾಕ್ಯ ಸುಳ್ಳಲ್ಲ, ಅರ್ಧ ನಿಜ. ಲ್ಯಾಬಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ಕೂರಿಸುವುದು ಇಂಥ ಅರ್ಧ ನಿಜಗಳೇ. ಅಲ್ಲಿ ಈಗಾಗಲೇ ಒಂದು ಡಿಆರ್ ಇದ್ದರೆ, ತಡವಾಗಿ ಬಂದ ರೂಟರ್ ಪ್ರಯಾರಿಟಿ 255 ಇಟ್ಟುಕೊಂಡು ಬಂದರೂ ಇದ್ದವನನ್ನು ಒಪ್ಪಿಕೊಂಡು ಸುಮ್ಮನಿರಬೇಕು. ಇದ್ದ ಡಿಆರ್ ಸತ್ತರೂ ಪಟ್ಟ ಸಿಗುವುದು ಬ್ಯಾಕಪ್‌ಗೆ, ಪ್ರಯಾರಿಟಿ ಹೆಚ್ಚಿರುವವನಿಗಲ್ಲ. ಮುಖ್ಯಸ್ಥ ಬದಲಾದಾಗಲೆಲ್ಲ ಹೊಸ ಎಲ್‌ಎಸ್‌ಎ ಹೊರಡಿಸಬೇಕು, ಎಲ್ಲರೂ ಮತ್ತೆ ಲೆಕ್ಕ ಹಾಕಬೇಕು. ಅದಕ್ಕಾಗಿ ಬದಲಾವಣೆ ಕಡಿಮೆ ಇರಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು ಇದು. ಈ ಎರಡು ಸಾಲು ಓದಿರದ ಹುಡುಗರು ಪ್ರಯಾರಿಟಿ ಬದಲಿಸಿ, ಡಿಆರ್ ಬದಲಾಗದ್ದು ಕಂಡು, ‘ಸಿಮ್ಯುಲೇಟರ್‌ನಲ್ಲಿ ಬಗ್ ಇದೆ ಸರ್’ ಎಂದು ದೂರು ತರುತ್ತಾರೆ.

ಎರಡನೆಯದು, ಕಾಸ್ಟ್. ಹತ್ತು ಕೋಟಿಯನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಓಎಸ್‌ಪಿಎಫ್ ಕಾಸ್ಟ್ ಬರುತ್ತದೆ ಎಂದು ಪ್ರೋಟೊಕಾಲಿನ ನಿಯಮವೇ ಎಂಬಂತೆ ಬರೆದಿದ್ದರೆ ಲೇಖಕರು ಒಂದೇ ಕಂಪನಿಯ ಕೈಪಿಡಿ ನೋಡಿ ಬರೆದಿದ್ದಾರೆ ಎಂದರ್ಥ. ಆರ್‌ಎಫ್‌ಸಿ 2328ರಲ್ಲಿ ಅಂಥ ಸೂತ್ರ ಇಲ್ಲ. ಕಾಸ್ಟ್ ಎಷ್ಟಿರಬೇಕೆಂಬುದು ನೆಟ್‌ವರ್ಕ್ ನಡೆಸುವವರ ಇಷ್ಟ. ಆ ಸೂತ್ರ ಸಿಸ್ಕೋ ರೂಟರ್‌ಗಳ ಡೀಫಾಲ್ಟ್. ಆ ಲೆಕ್ಕವನ್ನು ಹಾಗೇ ಬಿಟ್ಟರೆ 100 ಎಂಬಿಪಿಎಸ್ ಲಿಂಕಿಗೂ 1, 10 ಜಿಬಿಪಿಎಸ್ ಲಿಂಕಿಗೂ 1. ‘ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್’ ಕಥೆಯೂ ಇದೇ: ಓಎಸ್‌ಪಿಎಫ್‌ಗೆ ಸಿಸ್ಕೋ 110 ಎನ್ನುತ್ತದೆ, ಜುನಿಪರ್ ಒಳಗಿನ ರೂಟುಗಳಿಗೆ 10 ಎನ್ನುತ್ತದೆ. ಪ್ರೋಟೊಕಾಲ್ ಎಲ್ಲಿ ಮುಗಿಯಿತು, ಕಂಪನಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವ ಪುಸ್ತಕ ಯಾವ ಇಸವಿಯದಾದರೂ ದುಡ್ಡಿಗೆ ಮೋಸವಿಲ್ಲ.

ಹಳೆಯ ಪುಸ್ತಕದಲ್ಲಿ ಹಳಸಿದ್ದು ಏನೂ ಇಲ್ಲವೆಂದಲ್ಲ. ಬಸ್ಸಂ ಹಲಬಿ ಅವರ ‘ಇಂಟರ್‌ನೆಟ್ ರೂಟಿಂಗ್ ಆರ್ಕಿಟೆಕ್ಚರ್ಸ್’ ಎರಡನೆಯ ಆವೃತ್ತಿ 2000ದ್ದು. ಬಿಜಿಪಿಯಲ್ಲಿ ಒಂದೊಂದು ನೆಟ್‌ವರ್ಕನ್ನು ಗುರುತಿಸುವ ಎಎಸ್ ಸಂಖ್ಯೆ 16 ಬಿಟ್‌ನಿಂದ 32 ಬಿಟ್‌ಗೆ ಬೆಳೆದದ್ದು 2007ರ ಆರ್‌ಎಫ್‌ಸಿಯಿಂದ, ಹಾಗಾಗಿ ಅದು ಅಲ್ಲಿರಲು ಸಾಧ್ಯವಿಲ್ಲ. ಯಾರು ಯಾವ ಪ್ರಿಫಿಕ್ಸ್ ಘೋಷಿಸಬಹುದೆಂದು ಸಹಿ ಹಾಕಿ ಹೇಳುವ ಆರ್‌ಪಿಕೆಐ ಇಲ್ಲ. ಪಾಲಿಸಿ ಬರೆಯದಿದ್ದರೆ ಹೊರಗಿನ ಬಿಜಿಪಿ ನೇಬರ್‌ನಿಂದ ರೂಟ್ ತಗೊಳ್ಳಲೂ ಬೇಡ, ಕೊಡಲೂ ಬೇಡ ಎಂದ 2017ರ ನಿಯಮ ಇಲ್ಲ. ಕಮಾಂಡುಗಳಂತೂ ಬದಲಾಗಿವೆ. ಆದರೆ ಇದೆಲ್ಲ ಒಂದು ವಾರಾಂತ್ಯ ಕೂತು ಓದಿ ತುಂಬಿಕೊಳ್ಳುವಷ್ಟು. ಒಂದೇ ಪ್ರಿಫಿಕ್ಸ್‌ಗೆ ಎರಡು ಕಂಪನಿಗಳಿಂದ ದಾರಿ ಬಂದಾಗ ಯಾವುದನ್ನು ಆರಿಸಬೇಕೆಂಬುದು ವ್ಯಾಪಾರದ ತೀರ್ಮಾನ, ವೇಗದ ತೀರ್ಮಾನವಲ್ಲ ಎಂಬ ತಿಳಿವಳಿಕೆಯನ್ನು ಹಾಗೆ ವಾರಾಂತ್ಯದಲ್ಲಿ ತುಂಬಿಕೊಳ್ಳಲಾಗದು.

ಇನ್ನುಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ದಪ್ಪ ಪುಸ್ತಕ ಸಮಗ್ರ ಎನ್ನುತ್ತಾರೆ. ಅರ್ಧ ದಪ್ಪ ಕಮಾಂಡಿನ ಔಟ್‌ಪುಟ್ ಯಥಾವತ್ ಅಂಟಿಸಿದ್ದರಿಂದ ಬಂದದ್ದು. ಲೇಖಕರ ಹೆಸರಿನ ಪಕ್ಕ ಸಿಸಿಐಇ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದಂತೆ. ಅದು ಅವರಿಗೆ ರೂಟರ್ ಗೊತ್ತು ಎಂಬುದಕ್ಕೆ ಸಾಕ್ಷಿ, ಬರೆಯಲು ಗೊತ್ತು ಎಂಬುದಕ್ಕಲ್ಲ. ಬಿಜಿಪಿ ಅತಿ ಹತ್ತಿರದ ದಾರಿ ಆರಿಸುತ್ತದೆ ಎಂದು ಬರೆದ ಪುಸ್ತಕ ಸರಳವಾಗಿದೆ ಎಂದು ಹೊಗಳುವವರಿದ್ದಾರೆ. ಲೋಕಲ್ ಪ್ರಿಫರೆನ್ಸ್ ನೋಡಿದ ಮೇಲಷ್ಟೇ ಎಎಸ್ ಪಾತ್‌ನ ಉದ್ದದ ಸರದಿ, ಆ ಉದ್ದವೂ ಕಿಲೋಮೀಟರ್ ಅಲ್ಲ. ಸಿಸಿಎನ್‌ಎ ಪಠ್ಯದಿಂದ 2020ರಲ್ಲಿ ಇಐಜಿಆರ್‌ಪಿ ಹೊರಬಿದ್ದ ಮರುದಿನವೇ ‘ಇಐಜಿಆರ್‌ಪಿ ಸತ್ತಿತು’ ಎಂದು ಸಾರಿದವರಿಗೆ, ಇನ್ನೂ ಅದರ ಮೇಲೇ ಓಡುತ್ತಿರುವ ನೆಟ್‌ವರ್ಕುಗಳಲ್ಲಿ ಕೆಲಸ ಸಿಗಲಿ ಎಂದು ಹಾರೈಸುತ್ತೇನೆ. ತಪ್ಪೊಪ್ಪೋಲೆ ಉದ್ದವಿರುವ ಪುಸ್ತಕ ಕೆಟ್ಟದ್ದು ಎಂಬುದೂ ಒಂದು ನಂಬಿಕೆ. ಉದ್ದನೆಯ ತಪ್ಪೊಪ್ಪೋಲೆ ಇದೆಯೆಂದರೆ ಆ ಪುಸ್ತಕವನ್ನು ಯಾರೋ ಪೂರ್ತಿ ಓದಿದ್ದಾರೆ ಎಂದಾಯಿತು.

ಆನ್‌ಲೈನ್ ಅಂಗಡಿಯ ನಕ್ಷತ್ರಗಳ ಬಗ್ಗೆ ಮಾತಾಡದಿರುವುದೇ ಲೇಸು. ಐದು ನಕ್ಷತ್ರ ಕೊಟ್ಟವರ ಅಭಿಪ್ರಾಯ ಓದಿ ನೋಡಿ: ಪ್ಯಾಕಿಂಗ್ ಚೆನ್ನಾಗಿತ್ತು, ಎರಡೇ ದಿನದಲ್ಲಿ ಬಂತು, ಕಾಗದದ ಗುಣಮಟ್ಟ ಉತ್ತಮ. ಒಂದು ನಕ್ಷತ್ರ ಕೊಟ್ಟವರದು: ಮೂಲೆ ಮಡಚಿತ್ತು. ಇವುಗಳ ಸರಾಸರಿ ನಾಲ್ಕೂವರೆ ಬಂದರೆ ಅದು ಕೊರಿಯರ್‌ನವನಿಗೆ ಸಲ್ಲಬೇಕಾದ ಅಂಕ. ನಮ್ಮ ವೃತ್ತಿಯವರ ವಿಚಿತ್ರ ಇಲ್ಲೇ ಇರುವುದು. ಪಿಂಗ್ ಹೋಗುತ್ತಿದೆ ಎಂದರೂ ನಂಬದೆ ಟ್ರೇಸ್‌ರೂಟ್ ಹಾಕುತ್ತಾರೆ. ಟ್ರೇಸ್‌ರೂಟ್ ಸರಿ ಬಂದರೂ ಪ್ಯಾಕೆಟ್ ಕ್ಯಾಪ್ಚರ್ ಕೊಡಿ ಎನ್ನುತ್ತಾರೆ. ಪಕ್ಕದ ಟೀಮಿನವರು ‘ಫೈರ್‌ವಾಲ್‌ನಲ್ಲಿ ನಾವು ಏನೂ ಬದಲಿಸಿಲ್ಲ’ ಎಂದರೆ ನಗುತ್ತಾರೆ. ಅದೇ ಜನ ಪುಸ್ತಕದ ಬೆನ್ನಿನ ಮೇಲೆ ಪ್ರಕಾಶಕರೇ ಬರೆದುಕೊಂಡ ಹೊಗಳಿಕೆಗೆ, ವಾಟ್ಸಾಪ್ ಗುಂಪಿನಲ್ಲಿ ಬಂದ ‘ಈ ಪಿಡಿಎಫ್ ಒಂದು ಸಾಕು’ ಎಂಬ ಮಾತಿಗೆ, ಈಗೀಗ ಚಾಟ್‌ಬಾಟ್ ಕೊಡುವ ಹತ್ತು ಪುಸ್ತಕಗಳ ಪಟ್ಟಿಗೆ ಗೋಣು ಆಡಿಸುತ್ತಾರೆ. ಪಟ್ಟಿಯಲ್ಲಿರುವ ಪುಸ್ತಕ ನಿಜವಾಗಿ ಇದೆಯೇ ಎಂದು ನೋಡುವ ತಾಳ್ಮೆಯೂ ಇಲ್ಲ.

ಕೊನೆಗೆ ಉಳಿದದ್ದು, ಆರ್‌ಎಫ್‌ಸಿ ಓದುವುದು ವಿಜ್ಞಾನಿಗಳ ಕೆಲಸ, ನಮ್ಮಂಥವರದಲ್ಲ ಎಂಬ ನಂಬಿಕೆ. ಆರ್‌ಎಫ್‌ಸಿ 2328 ಇರುವುದು 244 ಪುಟ, ಬೆಲೆ ಸೊನ್ನೆ. ಬರೆದ ಜಾನ್ ಮಾಯ್ ಅದೇ ವರ್ಷ ಓಎಸ್‌ಪಿಎಫ್ ಬಗ್ಗೆ ಪುಸ್ತಕವನ್ನೂ ತಂದರು. ವಿವರಿಸಿ ಹೇಳುವುದು ಅವರಿಗೆ ಗೊತ್ತು. ಎಲ್ಲವನ್ನೂ ಓದಿ ಎನ್ನುವುದಿಲ್ಲ. ಡಿಆರ್ ಆಯ್ಕೆ ಇರುವುದು 9.4ನೆಯ ವಿಭಾಗದಲ್ಲಿ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಅವೆನ್ಯೂ ರಸ್ತೆಗೋ ಚರ್ಚ್ ಸ್ಟ್ರೀಟಿಗೋ ಹೋಗಿ, ಕೈಗೆ ಸಿಕ್ಕ ಪುಸ್ತಕದ ಆ ಪುಟ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಇಸವಿ ಅಚ್ಚಾಗಿರುವ ಪುಟವನ್ನು ಬೇಕಿದ್ದರೆ ಆಮೇಲೆ ನೋಡಿಕೊಳ್ಳಿ.