ತಟ್ಟೆಯೊಳಗಿನ ಮದುವೆ ಆಲ್ಬಂ

2000ದ ದಶಕದಲ್ಲಿ ಮದುವೆಯಾದವರ ಮನೆಯ ಬೀರು ತೆರೆದರೆ ಆಲ್ಬಂ ಪಕ್ಕದಲ್ಲಿ ಒಂದೆರಡು ಬೆಳ್ಳಿ ಬಣ್ಣದ ತಟ್ಟೆಗಳೂ ಕಾಣಸಿಗುತ್ತವೆ. ಮೊದಮೊದಲು ವಿಸಿಡಿ, ಆಮೇಲೆ ಡಿವಿಡಿ. ಪ್ಲೇಯರಿಗೆ ಹಾಕಿದರೆ ಧಾರೆ, ಸಪ್ತಪದಿ, ಊಟದ ಪಂಕ್ತಿಯ ಫೋಟೊಗಳು ಟಿ.ವಿ. ಪರದೆಯಲ್ಲಿ ಒಂದೊಂದಾಗಿ ಮೂಡಿ ಕರಗುತ್ತಿದ್ದವು. ಹಿನ್ನೆಲೆಗೆ ಒಂದು ಸಿನಿಮಾ ಹಾಡು. ಆಲ್ಬಂ ಒಬ್ಬರ ತೊಡೆಯ ಮೇಲಿದ್ದರೆ ಉಳಿದವರು ಕತ್ತು ಚಾಚಬೇಕು. ಟಿ.ವಿ.ಯಲ್ಲಾದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದಿತ್ತು. ಈಗ ಎಷ್ಟೋ ಮನೆಗಳಲ್ಲಿ ಪ್ಲೇಯರ್ ಅಟ್ಟ ಸೇರಿದೆ. ಫೋಟೊಗಳು ತಟ್ಟೆಯಲ್ಲಿ ಭದ್ರವಾಗಿವೆ ಎಂಬ ನಂಬಿಕೆ ಮಾತ್ರ ಉಳಿದಿದೆ. ಆ ನಂಬಿಕೆ ಎಷ್ಟು ಸರಿ?

ಫೋಟೊವನ್ನು ತಟ್ಟೆಗಿಳಿಸಿ ಟಿ.ವಿ.ಯಲ್ಲಿ ತೋರಿಸುವ ಯೋಚನೆಯನ್ನು ದೊಡ್ಡ ಮಟ್ಟದಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಕೊಡಕ್ ಕಂಪನಿ. ಫಿಲಿಪ್ಸ್ ಜೊತೆಗೂಡಿ ರೂಪಿಸಿದ ‘ಫೋಟೊ ಸಿಡಿ’ಯನ್ನು ಅದು 1990ರಲ್ಲಿ ಘೋಷಿಸಿ 1992ರಲ್ಲಿ ಬಿಡುಗಡೆ ಮಾಡಿತು. ಫಿಲ್ಮ್ ರೋಲನ್ನು ಅಂಗಡಿಗೆ ಕೊಟ್ಟರೆ ಸ್ಕ್ಯಾನ್ ಮಾಡಿ ತಟ್ಟೆಗೆ ಬರೆದು ಕೊಡುತ್ತಿದ್ದರು. ಒಂದು ತಟ್ಟೆಗೆ ಸುಮಾರು ನೂರು ಚಿತ್ರ. ಜಾಗ ಉಳಿದಿದ್ದರೆ ಅದೇ ತಟ್ಟೆಯನ್ನು ಮತ್ತೆ ಒಯ್ದು ಮುಂದಿನ ರೋಲನ್ನೂ ಸೇರಿಸಬಹುದಿತ್ತು. ಪ್ರತಿ ಚಿತ್ರವೂ ಅದರಲ್ಲಿ ಐದು ಅಳತೆಗಳಲ್ಲಿ ಇರುತ್ತಿತ್ತು: ಟಿ.ವಿ.ಗೆ 768×512 ಬಿಂದುಗಳದ್ದು, ಮುದ್ರಣಕ್ಕೆ 3072×2048ರದ್ದು, ಹೀಗೆ. ನೋಡುವುದಕ್ಕೆ ಒಂದು, ಕಾದಿಡುವುದಕ್ಕೆ ಇನ್ನೊಂದು ಎಂಬ ವಿವೇಕ ಆ ಏರ್ಪಾಟಿನಲ್ಲಿತ್ತು. ಆದರೆ ಅದು ದುಬಾರಿ ಬಾಬತ್ತು, ಪ್ಲೇಯರನ್ನೂ ಬೇರೆಯಾಗಿ ಕೊಳ್ಳಬೇಕು. ಮನೆಗಳಲ್ಲಿ ಅದು ನೆಲೆಯೂರಲಿಲ್ಲ. ಕಡತದ ಗುಟ್ಟನ್ನು ಕೊಡಕ್ ತನ್ನಲ್ಲೇ ಇಟ್ಟುಕೊಂಡದ್ದರಿಂದ, ಕಂಪನಿ ಕೈಬಿಟ್ಟ ಮೇಲೆ ಆ ತಟ್ಟೆಗಳನ್ನು ತೆರೆಯುವುದೇ ಕಷ್ಟವಾಯಿತು.

ನಮ್ಮ ಸ್ಟುಡಿಯೊಗಳು ಮಾಡಿಕೊಟ್ಟದ್ದು ಬೇರೆಯೇ ಸರಕು. ಕಂಪ್ಯೂಟರಿನಲ್ಲಿ ಫೋಟೊಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕೆಲವು ಸೆಕೆಂಡು ಕೊಟ್ಟು, ಹಾಡು ಸೇರಿಸಿ, ಎಲ್ಲವನ್ನೂ ಒಂದೇ ವಿಡಿಯೊ ಆಗಿ ಹಿಂಡಿ ತಟ್ಟೆಗೆ ಬರೆಯುವುದು. ಹೀಗೆ ಹಿಂಡುವಾಗಲೇ ನಷ್ಟವಾಗುವುದು. ನಮ್ಮ ಹಳೆಯ ಟಿ.ವಿ.ಗಳ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, ಚಿತ್ರಕ್ಕೆ ದಕ್ಕುವುದು 576 ಮಾತ್ರ. ಡಿವಿಡಿಯ ಚಿತ್ರ 720×576, ಅಂದರೆ ಸುಮಾರು ನಾಲ್ಕು ಲಕ್ಷ ಬಿಂದು. ವಿಸಿಡಿ ವಿಡಿಯೊದ್ದು 352×288, ಒಂದು ಲಕ್ಷಕ್ಕೆ ತುಸು ಹೆಚ್ಚು. ಅರವತ್ತು ಲಕ್ಷ ಬಿಂದುಗಳ ಕ್ಯಾಮೆರಾದಲ್ಲಿ ತೆಗೆದ ಫೋಟೊ ಡಿವಿಡಿಗೆ ಇಳಿದರೆ ಉಳಿಯುವುದು ಹದಿನೈದರಲ್ಲಿ ಒಂದು ಪಾಲು! ಇದಲ್ಲದೆ ಆ ಟಿ.ವಿ.ಗಳು ಬೆಸ ಗೆರೆಗಳನ್ನೊಮ್ಮೆ, ಸರಿ ಗೆರೆಗಳನ್ನೊಮ್ಮೆ ಬರೆಯುತ್ತಿದ್ದವು. ಸೀರೆಯ ತೆಳು ಜರಿ ಗೆರೆ ಅಡ್ಡಲಾಗಿ ಬಂದರೆ ಮಿಣುಕುತ್ತಿತ್ತು. ಅದು ಕಾಣದಿರಲೆಂದು ಚಿತ್ರವನ್ನು ತುಸು ಮಸುಕು ಮಾಡುವುದೂ ಉಂಟು. ಅಂಚಿನಲ್ಲಿ ನಿಂತ ಸೋದರಮಾವನನ್ನು ಪರದೆಯ ಚೌಕಟ್ಟೇ ನುಂಗುತ್ತಿತ್ತು.

ನಿಮ್ಮ ತಟ್ಟೆ ಯಾವ ಬಗೆಯದೆಂದು ತಿಳಿಯುವುದು ಸುಲಭ. ಕಂಪ್ಯೂಟರಿಗೆ ಹಾಕಿ ನೋಡಿ. ‘ಜೆಪೆಗ್’ ಕಡತಗಳು ಕಂಡರೆ ಅವು ಬಿಡಿ ಫೋಟೊಗಳು. ಅಳತೆಯನ್ನೂ ಅಲ್ಲೇ ನೋಡಬಹುದು. ‘ವಿಡಿಯೊ ಟಿಎಸ್’ ಅಥವಾ ‘ಎಂಪೆಗ್ ಎವಿ’ ಎಂಬ ಕೋಶವಷ್ಟೇ ಇದ್ದರೆ ಅದು ಬರೀ ಪ್ರದರ್ಶನ. ಅದರಿಂದ ಫೋಟೊ ತೆಗೆದು ದೊಡ್ಡದಾಗಿ ಮುದ್ರಿಸಿದರೆ ಮುಖಗಳು ಕಲಸಿಹೋಗುತ್ತವೆ. ಆ ಕಳೆದ ವಿವರವನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿಸಲಾರದು. ಫಿಲ್ಮ್ ಕಾಲದ ಮದುವೆಯಾದರೆ ಮೂಲವಿರುವುದು ನೆಗೆಟಿವ್‌ನಲ್ಲಿ. ಜಾಗ ಸಾಲದೆಂದು ಅದನ್ನು ಎಸೆಯುವ ಮುನ್ನ ಎರಡು ಸಲ ಯೋಚಿಸಿ. ಡಿಜಿಟಲ್ ಆದರೆ ಸ್ಟುಡಿಯೊದವರನ್ನು ಮೂಲ ಕಡತಗಳಿಗಾಗಿ ಕೇಳಿ ನೋಡಬೇಕು, ಅದೂ ಬೇಗ; ಗ್ರಾಹಕರ ಫೋಟೊಗಳನ್ನು ಅವರು ವರ್ಷಾನುಗಟ್ಟಲೆ ಇಟ್ಟುಕೊಳ್ಳುವುದು ಅಪರೂಪ.

ತಟ್ಟೆಗೂ ಆಯುಸ್ಸಿದೆ. ಸ್ಟುಡಿಯೊದಲ್ಲಿ ಬರೆದ ತಟ್ಟೆಯಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ಕೆಡುತ್ತದೆ. ಹೊಳೆಯುವ ಬದಿಯನ್ನು ನಾವು ಜೋಪಾನ ಮಾಡುತ್ತೇವೆ, ಸರಿಯೇ. ಆದರೆ ಸಿಡಿಯಲ್ಲಿ ಹೆಚ್ಚು ನಾಜೂಕು ಹೆಸರು ಬರೆಯುವ ಮೇಲ್ಬದಿ. ಬಾಲ್‌ಪೆನ್ನಿನಿಂದ ಒತ್ತಿ ‘ಮದುವೆ’ ಎಂದು ಬರೆದರೆ ಕೆಳಗಿನ ಪದರಕ್ಕೇ ಗೀರು ಬೀಳಬಹುದು. ತಟ್ಟೆ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಒಳಗಿರುವುದೆಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ತಟ್ಟೆ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಜೋಡಿಸುವ ಡ್ರೈವ್ ಪ್ರತ್ಯೇಕವಾಗಿ ಸಿಗುತ್ತದೆ.